ತೀನ್ ಪತ್ತಿ ಗೊತ್ತುಂಟೆಂದು ಪೋಕರಿಗೆ ಕೂರಬೇಡಿ

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರು, ಮುಖ್ಯವಾಗಿ ಜೆಂಬರದ (ಸಮಾರಂಭದ) ಮನೆಯಲ್ಲಿ ರಾತ್ರಿ ಇಸ್ಪೀಟ್ ಎಲೆ ಹಿಡಿಯುವ ಅಭ್ಯಾಸ ಇರುವವರು ಇದನ್ನು ದಯವಿಟ್ಟು ಓದಿ. ಮೇ ತಿಂಗಳ ಒಂದು ರಾತ್ರಿ ಒಂದೇ ಆಟದಲ್ಲಿ ನಾನು 11,500 ರೂಪಾಯಿ ಕಳೆದುಕೊಂಡೆ. ಯಾರೂ ಮೋಸ ಮಾಡಿಲ್ಲ. ಯಾವ ಕೈ ಯಾವುದಕ್ಕಿಂತ ದೊಡ್ಡದು ಎಂಬುದನ್ನೇ ತಪ್ಪು ತಿಳಿದುಕೊಂಡು ಕೂತಿದ್ದೆ.

ನೆಂಟರ ಮನೆಯ ಮದುವೆ. ತರಕಾರಿ ಕೊರೆದು ಮುಗಿಯುವಾಗ ಹನ್ನೊಂದು ಗಂಟೆ. ಚಪ್ಪರದ ಮೂಲೆಯಲ್ಲಿ ಯಾವಾಗಲೂ ಇಪ್ಪತ್ತೆಂಟು ಎಂಬ ಎಲೆಯಾಟ ಆಡುವುದು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಎಂದು ಎಣಿಸುತ್ತಲೇ ಬೆಳೆದವರು ನಾವು. ಆ ದಿನ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಇಬ್ಬರು ಹುಡುಗರು ಪೋಕರ್ ಆಡುವ ಎಂದರು. ನನಗೆ ಬರುವುದಿಲ್ಲ ಎಂದೆ. "ತೀನ್ ಪತ್ತಿ ಗೊತ್ತುಂಟಲ್ಲ ಅಣ್ಣ? ಅದೇ. ಎಲೆ ಮೂರರ ಬದಲು ಐದು, ಅಷ್ಟೆ."

ಈ ಮಾತು ಎಲ್ಲಿ ಕೇಳಿದರೂ ಅಲ್ಲಿಂದ ಎದ್ದುಬಿಡಿ.

ಒಬ್ಬೊಬ್ಬರಿಗೆ ಎರಡೆಲೆ ಮುಚ್ಚಿ ಕೊಡುತ್ತಾರೆ. ನಡುವೆ ಮೊದಲು ಮೂರು, ಮತ್ತೆ ಒಂದು, ಕೊನೆಗೆ ಇನ್ನೊಂದು ಎಲೆ ಬಿಚ್ಚಿಡುತ್ತಾರೆ. ಈ ಏಳರಲ್ಲಿ ಒಳ್ಳೆಯ ಐದು ನಮ್ಮ ಕೈ. ನನಗೆ ಬಂದದ್ದು ಇಸ್ಪೀಟ್ ಎಕ್ಕ, ಕಳಾವರ್ ರಾಣಿ. ನಡುವೆ ಬಿದ್ದದ್ದು ಆಟೀನ್ ರಾಜ, ಕಳಾವರ್ ಗುಲಾಮ, ಆಟೀನ್ ಹತ್ತು. ಹತ್ತರಿಂದ ಎಕ್ಕದ ತನಕ ಸಾಲು ಕೂಡಿತು! ಮೇಲಿನ ಸೀಕ್ವೆನ್ಸ್. ನಾಲ್ಕನೆಯದು ಆಟೀನ್ ನಾಲ್ಕು, ಐದನೆಯದು ಇಸ್ಪೀಟ್ ಎರಡು. ನನಗೆ ಹೆದರಿಕೆ ಇದ್ದದ್ದು ಒಂದೇ: ಎದುರಿನವನ ಹತ್ತಿರ ಎರಡು ರಾಜ ಇದ್ದು ಟ್ರೇಲ್ (ಒಂದೇ ಬಗೆಯ ಮೂರು) ಆದರೆ? ನಡುವೆ ಮೂರು ಎಲೆ ಆಟೀನೇ ಬಿದ್ದದ್ದನ್ನು ನೋಡಿಯೂ ನೋಡಲಿಲ್ಲ. ತೀನ್ ಪತ್ತಿಯಲ್ಲಿ ಕಲರ್, ಅಂದರೆ ಎಲ್ಲ ಎಲೆಯೂ ಒಂದೇ ಗುರುತಿನದ್ದು, ಸೀಕ್ವೆನ್ಸಿಗಿಂತ ಕೆಳಗೆ ತಾನೆ? ಇದ್ದದ್ದನ್ನೆಲ್ಲ ಮುಂದೆ ದೂಡಿದೆ. ಅವನು ಆಟೀನ್ ಒಂಬತ್ತು, ಆಟೀನ್ ಆರು ಬಿಚ್ಚಿಟ್ಟ. ಐದೂ ಆಟೀನ್. ನನ್ನದೇ ದೊಡ್ಡದೆಂದು ದುಡ್ಡಿಗೆ ಕೈ ಚಾಚಿದ್ದೆ. "ಅಣ್ಣ, ಇದರಲ್ಲಿ ಕಲರ್ ಮೇಲೆ" ಎಂದ.

ಅವನು ಹೇಳಿದ್ದು ಸರಿ. ಎರಡು ಕಡೆಯಲ್ಲೂ ನಾನು ತಲೆಕೆಳಗೆ ಹೆದರಿದ್ದೆ. ಪೋಕರಿನಲ್ಲಿ ಮೂರು ರಾಜ ನನ್ನ ಸಾಲಿನ ಮುಂದೆ ಸೋಲುತ್ತದೆ, ಐದು ಆಟೀನ್ ಗೆಲ್ಲುತ್ತದೆ.

ಯಾಕೆ ಹೀಗೆ ಎಂದು ಆಮೇಲೆ ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. 52 ಎಲೆಯಲ್ಲಿ ಮೂರೆಲೆಯ ಕೈ 22,100 ಬಗೆಯಲ್ಲಿ ಬರಬಹುದು. ಅದರಲ್ಲಿ ಬರೇ ಸೀಕ್ವೆನ್ಸ್ 720, ಬರೇ ಕಲರ್ 1,096. ಸೀಕ್ವೆನ್ಸೇ ಅಪರೂಪ, ಆದ್ದರಿಂದ ಅದಕ್ಕೆ ಬೆಲೆ. ಐದೆಲೆಯ ಕೈ 25,98,960 ಬಗೆ. ಅಲ್ಲಿ ಸೀಕ್ವೆನ್ಸ್ 10,200, ಕಲರ್ 5,108 ಮಾತ್ರ. ಎಲೆ ಹೆಚ್ಚಾದಂತೆ ಎಲ್ಲವೂ ಒಂದೇ ಗುರುತಿನದ್ದು ಬರುವುದು ಕಷ್ಟವಾಗುತ್ತದೆ. ಇನ್ನು ಟ್ರೇಲ್ ಎಂದು ನಾವು ಕುಣಿಯುವ ಒಂದೇ ಬಗೆಯ ಮೂರು ಇದೆಯಲ್ಲ, ಮೂರೆಲೆಯಲ್ಲಿ ಅದು 52 ಬಗೆ ಮಾತ್ರ, ಐದೆಲೆಯಲ್ಲಿ 54,912. ಎಷ್ಟು ಸಸ್ತಾ ಆಯಿತು ನೋಡಿ.

ಕ್ರಮ ಬಾಯಿಪಾಠ ಮಾಡುವುದಾದರೆ ಮೇಲಿನಿಂದ ಕೆಳಗೆ ಹೀಗೆ: ಒಂದೇ ಗುರುತಿನ ಸಾಲು (ಅದರಲ್ಲಿ ಹತ್ತರಿಂದ ಎಕ್ಕದ್ದು ಎಲ್ಲಕ್ಕಿಂತ ಮೇಲೆ), ಒಂದೇ ಬಗೆಯ ನಾಲ್ಕು, ಮೂರು ಮತ್ತು ಜೋಡಿ ಸೇರಿದ ಫುಲ್ ಹೌಸ್, ಕಲರ್, ಸೀಕ್ವೆನ್ಸ್, ಒಂದೇ ಬಗೆಯ ಮೂರು, ಎರಡು ಜೋಡಿ, ಒಂದು ಜೋಡಿ, ಏನೂ ಇಲ್ಲದಿದ್ದರೆ ದೊಡ್ಡ ಎಲೆ. ಇನ್ನೊಂದು ಗುಂಡಿ ಉಂಟು. ನಾವು ತೀನ್ ಪತ್ತಿ ಆಡುವಾಗ ಎಕ್ಕ-ಎರಡು-ಮೂರಕ್ಕೆ ಎರಡನೆಯ ಸ್ಥಾನ. ಪೋಕರಿನಲ್ಲಿ ಎಕ್ಕದಿಂದ ಐದರ ಸಾಲು ಸಾಲುಗಳಲ್ಲೇ ಅತಿ ಸಣ್ಣದು. ಇಸ್ಪೀಟ್ ದೊಡ್ಡದು, ಆಟೀನ್ ಸಣ್ಣದು ಎಂಬ ಲೆಕ್ಕವೂ ಇಲ್ಲ. ಐದೂ ಎಲೆ ಸರಿಸಮ ಆದರೆ ದುಡ್ಡು ಪಾಲು.

ಫೋನಿನಲ್ಲಿ ದುಡ್ಡಿಟ್ಟು ಆಡುವ ಎಂದು ಯಾರಾದರೂ ಲಿಂಕ್ ಕಳಿಸಿದರೆ ಒತ್ತಲೇಬೇಡಿ. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ಅಂಥದ್ದನ್ನು, ಬುದ್ಧಿಯ ಆಟ ಎಂದರೂ ಅದೃಷ್ಟದ ಆಟ ಎಂದರೂ, ನಿಷೇಧಿಸಿದೆ. ಚಪ್ಪರದಲ್ಲಿ ಕೂರಲೇಬೇಕಾದರೆ ಹುಣಸೆ ಬೀಜ ಇಟ್ಟು ಆಡಿ. ಮೊದಲ ಎಲೆ ಹಾಕುವ ಮುಂಚೆ "ಕಲರ್ ದೊಡ್ಡದಾ, ಸೀಕ್ವೆನ್ಸ್ ದೊಡ್ಡದಾ" ಎಂದು ಎಲ್ಲರೆದುರು ಕೇಳಿ. ನಾಚಿಕೆ ಬೇಡ. ನಾನು ನಾಚಿಕೆಯಿಂದಲೇ ಕೇಳಲಿಲ್ಲ.

ನನ್ನ ಕಿಸೆಯಲ್ಲಿದ್ದದ್ದು ಅಡಿಕೆ ತೋಟದ ಮದ್ದಿಗೆ ಬೇಕಾದ ಮೈಲುತುತ್ತಿಗೂ ಮದ್ದು ಬಿಡುವವನ ಸಂಬಳಕ್ಕೂ ಎಂದು ತೆಗೆದಿಟ್ಟ ದುಡ್ಡು. ಮಳೆ ಹಿಡಿಯುವ ಮೊದಲು ಆಗಬೇಕಿದ್ದ ಮದ್ದು ಹದಿನೆಂಟು ದಿನ ತಡವಾಯಿತು. ಕೆಳಗಿನ ತೋಟಕ್ಕೆ ಕೊಳೆರೋಗ ಬಂತು. ಮದ್ದು ಯಾಕೆ ತಡವಾಯಿತೆಂದು ಮನೆಯವಳಿಗೆ ನಾನು ಹೇಳಿದ್ದು, ಉದುರಿದ ಎಳೆ ಅಡಿಕೆಯನ್ನು ಇಬ್ಬರೂ ಬುಟ್ಟಿಗೆ ಹೆಕ್ಕುತ್ತಿದ್ದಾಗ.