ಸರಳ ಯಂತ್ರ ಕಲಿಸಲು ಕಿಟ್ಟೋ, ಸರಪಳಿ ಯಂತ್ರವೋ, ರಟ್ಟು ದಾರವೋ?

ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು, ಚಕ್ರ ಮತ್ತು ಅಚ್ಚು. ಈ ಆರು ಹೆಸರನ್ನು ಬಾಯಿಪಾಠ ಮಾಡಿಸುವುದು ಸುಲಭ. ಆರರ ಹಿಂದೆಯೂ ಇರುವ ಒಂದೇ ಸಂಗತಿಯನ್ನು ಮಕ್ಕಳ ಕೈಗೆ ಮುಟ್ಟಿಸುವುದು ಕಷ್ಟ: ಬಲ ಕಡಿಮೆ ಸಾಕು ಅನ್ನುವುದಾದರೆ ದೂರ ಹೆಚ್ಚು ಎಳೆಯಬೇಕು. ಯಂತ್ರದಿಂದ ಪ್ರಕೃತಿಯನ್ನು ವಂಚಿಸಲಾಗದು ಎಂದು ಗೆಲಿಲಿಯೊ 1600ರ ಸುಮಾರಿಗೆ ವಾದಿಸಿದ್ದು ಇದನ್ನೇ. ಹನ್ನೊಂದು, ಹನ್ನೆರಡರ ವಯಸ್ಸಿನ ಮಕ್ಕಳಿಂದ ನಾನು ಇದನ್ನು ಮೂರು ಬಗೆಯಲ್ಲಿ ಮಾಡಿಸಿದ್ದೇನೆ: ಸಿದ್ಧ ಕಿಟ್, ಒಂದು ಬಿದ್ದು ಮುಂದಿನದನ್ನು ತಳ್ಳುತ್ತಾ ಹೋಗುವ ಗೋಲಿ ಮತ್ತು ಡಾಮಿನೋ ಬಿಲ್ಲೆಗಳ ಸರಪಳಿ ಯಂತ್ರ, ರಟ್ಟು ದಾರಗಳಲ್ಲಿ ಕಟ್ಟುವ ಎತ್ತುವ ಯಂತ್ರ. ಬಲ ಮತ್ತು ದೂರದ ಆ ಲೆಕ್ಕ ಯಾವುದರಲ್ಲಿ ಮಕ್ಕಳಿಗೆ ಸಿಕ್ಕಿತು ಅನ್ನುವುದೊಂದೇ ನನ್ನ ಪ್ರಶ್ನೆ.

ಕಿಟ್‌ನ ದೊಡ್ಡ ಗುಣ ನಿಖರತೆ. ಪಟ್ಟಿಯಲ್ಲಿ ಸಮಾನ ಅಂತರದ ತೂತುಗಳಿರುತ್ತವೆ. ಮೂರನೇ ತೂತಿಗೆ ಎರಡು ತೂಕ ನೇತುಹಾಕಿದರೆ ಇನ್ನೊಂದು ಬದಿಯ ಆರನೇ ತೂತಿನಲ್ಲಿ ಒಂದೇ ತೂಕ ಸಾಕು ಎಂದು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ. ರಾಟೆ ಸಲೀಸಾಗಿ ತಿರುಗುತ್ತದೆ, ಲೆಕ್ಕ ಪುಸ್ತಕಕ್ಕೆ ಹತ್ತಿರ ಬರುತ್ತದೆ. ಆದರೆ ಚಿತ್ರ ನೋಡಿ ಜೋಡಿಸಿದರೆ ಮುಗಿಯಿತು. ಆನಿಕೆಯನ್ನು (ಸನ್ನೆ ಆತು ತಿರುಗುವ ಬಿಂದು) ಎಲ್ಲಿಡಬೇಕು, ತೋಳು ಎಷ್ಟು ಉದ್ದ ಬೇಕು ಎಂದು ಯಾವ ಮಗುವೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದನ್ನು ಕಿಟ್ ಮಾಡಿದವರು ಮೊದಲೇ ನಿರ್ಧರಿಸಿಬಿಟ್ಟಿರುತ್ತಾರೆ. ಎಲ್ಲ ತಂಡಗಳ ಯಂತ್ರವೂ ಒಂದೇ ಥರ. ಹಾಗಾಗಿ ಕಿಟ್ ನನಗೆ ಪ್ರಯೋಗದ ಸಲಕರಣೆಯಾಗಿ ಇಷ್ಟ, ಪ್ರಾಜೆಕ್ಟ್ ಆಗಿ ಅಲ್ಲ.

ಸರಪಳಿ ಯಂತ್ರದ ಸಂಭ್ರಮವೇ ಬೇರೆ. ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ (1883–1970) ಒಂದು ಚಿಕ್ಕ ಕೆಲಸವನ್ನು ಸುತ್ತಿ ಬಳಸಿ ಮಾಡುವ ಯಂತ್ರಗಳನ್ನು ಬರೆಯುತ್ತಿದ್ದ. ಈ ಬಗೆಯ ಪ್ರಾಜೆಕ್ಟ್‌ಗೆ ಇಂದಿಗೂ ಅವನದೇ ಹೆಸರು. ತರಗತಿಯಲ್ಲಿ ಬಾಯಿಬಿಡದ ಮಕ್ಕಳೂ ಇದರಲ್ಲಿ ಮುಂದೆ ಬರುತ್ತಾರೆ. ಕೆಟ್ಟದ್ದನ್ನು ಮತ್ತೆ ಮತ್ತೆ ಸರಿಮಾಡುವ ತಾಳ್ಮೆ ಕಲಿಯುತ್ತಾರೆ. ಅದು ಸಣ್ಣ ಲಾಭವಲ್ಲ.

ಸರಳ ಯಂತ್ರದ ಪಾಠಕ್ಕೆ ಮಾತ್ರ ಇದು ಮೂರರಲ್ಲಿ ಕೊನೆಯದು. ಗೋಲಿ ಉರುಳಿ ಬರುವ ರಟ್ಟಿಗೆ ಮಕ್ಕಳು ‘ಇಳಿಜಾರು’ ಎಂದು ಚೀಟಿ ಅಂಟಿಸುತ್ತಾರೆ. ಅದು ಯಾರ ಶ್ರಮವನ್ನೂ ಕಡಿಮೆ ಮಾಡುತ್ತಿಲ್ಲ, ಬರೀ ಕೆಳಗಿಳಿಯುವ ದಾರಿ. ಡಾಮಿನೋ ತಳ್ಳಿದ ಚಮಚ ‘ಸನ್ನೆ’ ಆಗುತ್ತದೆ, ಅದರ ತೋಳನ್ನು ಅಳೆದವರು ಯಾರೂ ಇಲ್ಲ. ಹೊತ್ತೆಲ್ಲ ಡಾಮಿನೋ ನೆಟ್ಟಗೆ ನಿಲ್ಲಿಸುವುದಕ್ಕೇ ಹೋಗುತ್ತದೆ. ಒಂದು ಷರತ್ತು ಹಾಕಿದ ಮೇಲೆ ಸ್ಥಿತಿ ಸುಧಾರಿಸಿತು: ಎಲ್ಲಾದರೂ ಒಂದು ಕಡೆ ಹಗುರ ವಸ್ತು ತನಗಿಂತ ಭಾರದ ವಸ್ತುವನ್ನು ಮೇಲೆತ್ತಲೇಬೇಕು. ಆಗ ಆನಿಕೆಯನ್ನು ಭಾರದ ಹತ್ತಿರ ಸರಿಸಬೇಕೆಂಬ ಚರ್ಚೆ ತಾನಾಗಿ ಹುಟ್ಟಿತು.

ಇನ್ನು ರಟ್ಟು, ದಾರ, ಖಾಲಿ ದಾರದ ರೀಲು, ಪೆನ್ಸಿಲ್. ಇಲ್ಲಿ ನಾನು ಕೊಡುವುದು ಒಂದೇ ಸವಾಲು: ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು 20 ಸೆಂ.ಮೀ. ಮೇಲೇರಿಸಿ, ಎಳೆಯುವಾಗ ಸ್ಪ್ರಿಂಗ್ ತಕ್ಕಡಿ 4 ನ್ಯೂಟನ್ (ಬಲದ ಅಳತೆ) ದಾಟಬಾರದು. ನೇರ ಎತ್ತಿದರೆ ಸುಮಾರು 5 ತೋರಿಸುತ್ತದೆ. ಯಾವ ಯಂತ್ರ ಅನ್ನುವುದು ಅವರಿಗೇ ಬಿಟ್ಟದ್ದು.

ಇಳಿಜಾರು ಹಿಡಿದವರು 80 ಸೆಂ.ಮೀ. ಉದ್ದದ ಹಲಗೆ ಇಟ್ಟು, ನಾಲ್ಕರಲ್ಲಿ ಒಂದು ಪಾಲು ಬಲ ಸಾಕೆಂದುಕೊಂಡು ಎಳೆದರು. ತಕ್ಕಡಿ 3 ದಾಟಿತು. ಬಾಟಲಿಯ ಕೆಳಗೆ ದುಂಡನೆಯ ಪೆನ್ಸಿಲ್‌ಗಳನ್ನು ಅಡ್ಡ ಜೋಡಿಸಿದ ಕೂಡಲೇ ಮುಳ್ಳು ಜರ್ರನೆ ಇಳಿಯಿತು.

ರಾಟೆಯ ತಂಡದಲ್ಲಿ ಆದದ್ದು ಇನ್ನೂ ಚೆನ್ನ. ಒಂದು ರೀಲನ್ನು ಮೇಲೆ ಕಟ್ಟಿ, ಇನ್ನೊಂದನ್ನು ಬಾಟಲಿಯ ಜೊತೆ ಏರುವಂತೆ ಹಾಕಿದ್ದರು. ದಾರ 40 ಸೆಂ.ಮೀ. ಎಳೆದರೆ ಬಾಟಲಿ 20 ಏರಿತು, ಕರಾರುವಾಕ್ಕಾಗಿ ಎರಡು ಪಟ್ಟು. ತಕ್ಕಡಿ ಮಾತ್ರ ಎರಡೂವರೆ ತೋರಿಸುವ ಬದಲು ಮೂರೂವರೆ ತೋರಿಸಿತು. “ದೂರ ಪೂರ್ತಿ ಕೊಟ್ಟಿದ್ದೀವಲ್ಲ ಮಿಸ್, ಬಲ ಯಾಕೆ ಅಷ್ಟು ಕಡಿಮೆ ಆಗ್ಲಿಲ್ಲ?” ಎಂದಳು ಒಬ್ಬಳು. ಇಡೀ ಪಾಠ ಆ ಪ್ರಶ್ನೆಯೊಳಗಿದೆ. ಘರ್ಷಣೆ ದೂರದ ಲೆಕ್ಕವನ್ನು ಕೆಡಿಸುವುದಿಲ್ಲ, ಬಲದ ಲೆಕ್ಕವನ್ನು ಕೆಡಿಸುತ್ತದೆ. ರೀಲಿನೊಳಗಿನ ಪೆನ್ಸಿಲ್‌ಗೆ ಮೇಣ ಸವರಿ ಮತ್ತೆ ಎಳೆದರು, ಮುಳ್ಳು ಸ್ವಲ್ಪ ಇಳಿಯಿತು. ಕಿಟ್‌ನ ನುಣುಪಾದ ರಾಟೆ ಈ ಪ್ರಶ್ನೆಯನ್ನು ಏಳಿಸುವುದೇ ಇಲ್ಲ.

ಇದರ ತಾಪತ್ರಯಗಳೂ ಕಡಿಮೆಯಲ್ಲ. ಅಂಟು ಒಣಗುವವರೆಗೆ ಕಾಯಬೇಕು. ರಟ್ಟಿನ ಸನ್ನೆ ಭಾರಕ್ಕೆ ಬಾಗುತ್ತದೆ, ಬಾಗಿದರೆ ಅಳತೆ ಕೆಲಸಕ್ಕೆ ಬಾರದು. ಸನ್ನೆಗೆ ಮರದ ಪಟ್ಟಿಯೇ ಬೇಕು. ತಂಡದಲ್ಲಿ ನಾಲ್ವರಿಗಿಂತ ಹೆಚ್ಚು ಮಕ್ಕಳಿದ್ದರೆ ಇಬ್ಬರು ನೋಡುತ್ತಾ ನಿಲ್ಲುತ್ತಾರೆ.

ಬೆಣೆ ಮತ್ತು ತಿರುಪು ಮೂರರಲ್ಲೂ ಹಿಂದೆ ಬೀಳುತ್ತವೆ. ಪ್ರಾಚೀನ ಗ್ರೀಕ್ ಯಂತ್ರತಜ್ಞ ಅಲೆಕ್ಸಾಂಡ್ರಿಯಾದ ಹೀರೋ ಹೆಸರಿಸಿದ ಐದು ಯಂತ್ರಗಳಲ್ಲಿ ಇವೆರಡೂ ಇದ್ದವು, ಇಳಿಜಾರು ಇರಲಿಲ್ಲ. ಈಗ ನಾವು ಎರಡನ್ನೂ ಇಳಿಜಾರಿನ ರೂಪಗಳೆಂದೇ ವಿವರಿಸುತ್ತೇವೆ. ತಿರುಪಿಗೆ ತ್ರಿಕೋನ ಕಾಗದವನ್ನು ಪೆನ್ಸಿಲ್‌ಗೆ ಸುತ್ತಿ ತೋರಿಸಿ, ಕೈಗೆ 6 ಮಿ.ಮೀ.ನ ಸಾಮಾನ್ಯ ಬೋಲ್ಟು, ನಟ್ಟು ಕೊಡುತ್ತೇನೆ: ನಟ್ಟನ್ನು ಹತ್ತು ಸುತ್ತು ತಿರುಗಿಸಿದರೆ ಅದು ಸಾಗುವುದು 1 ಸೆಂ.ಮೀ.

ಎರಡೇ ಪೀರಿಯಡ್ ಸಿಕ್ಕರೆ ಕಿಟ್ ತೆಗೆಯಿರಿ. ಪ್ರದರ್ಶನಕ್ಕೆ ಪೋಷಕರು ಬರುವವರಿದ್ದರೆ, ಆ ಷರತ್ತಿನ ಜೊತೆಗೆ ಸರಪಳಿ ಯಂತ್ರ ಆಗಬಹುದು. ಒಂದು ವಾರ ಕೈಯಲ್ಲಿದ್ದರೆ ರಟ್ಟು, ದಾರ ಬಿಟ್ಟು ಬೇರೆ ಯೋಚಿಸುವುದೇ ಬೇಡ. ಅಂಕವನ್ನು ಯಂತ್ರದ ಅಂದಕ್ಕೆ ಕೊಡದೆ, ಬಲ, ದೂರ ಎಂಬ ಎರಡು ಕಾಲಮ್ಮುಗಳ ಹಾಳೆಗೆ ಕೊಡಿ. ಪುಸ್ತಕದ ಉತ್ತರಕ್ಕೆ ಹೊಂದದ ಅಂಕಿಯನ್ನು ಹಾಗೇ ಬರೆದು ಕಾರಣ ಹುಡುಕಿದವರಿಗೆ ಹೆಚ್ಚು.