ಕಾರ್ಬೋರೇಟರ್ ಚೇಂಜ್ ಮಾಡೋಕ್ ಹೋಗಿ ಇಂಜಿನ್ನೇ ಕಳ್ಕೊಂಡೆ, ನೀವ್ ಹಿಂಗ್ ಮಾಡ್ಬೇಡಿ

ಇದನ್ನ ಬರೀಬಾರ್ದು ಅಂತಾನೇ ಇದ್ದೆ, ನಾಚ್ಕೆ ಆಗುತ್ತೆ. ಆದ್ರೆ ಮೊನ್ನೆ ಪರಿಚಯದವರೊಬ್ರು ಫೋನ್ ಮಾಡಿ, ನಂದೂ ಗಾರ್ಡನ್ ಟ್ರ್ಯಾಕ್ಟರ್ ಇಂಜಿನ್ ಸ್ಪೀಡ್ ನಿಂತಲ್ಲೇ ಏರ್ತಾ ಇಳೀತಾ ಇದೆ, ಹೊಸ ಕಾರ್ಬೋರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಆರ್ಡರ್ ಹಾಕ್ಬಿಟ್ಟೆ ಅಂದಾಗ ಎದೆ ಧಸಕ್ ಅಂತು. ನನ್ ಕಥೆ ಶುರುವಾಗಿದ್ದೂ ಹಿಂಗೇನೇ.

ನಂದು ಒಂದೇ ಸಿಲಿಂಡರಿನ ಪೆಟ್ರೋಲ್ ಇಂಜಿನ್. ಲೋಡ್ ಹಾಕಿದ್ರೆ ಚೆನ್ನಾಗಿ ಓಡೋದು, ಲೋಡ್ ಇಲ್ದೆ ಸುಮ್ನೆ ಓಡೋಕ್ ಬಿಟ್ರೆ ವೂಂ... ವೂಂ... ಅಂತ ಉಯ್ಯಾಲೆ ಆಡೋದು. ಚೋಕ್ ಅರ್ಧ ಎಳೆದ್ರೆ ತಕ್ಷಣ ಸರಿಯಾಗ್ತಿತ್ತು. ಇಷ್ಟೇ ಸಾಕಿತ್ತು ರೋಗ ಏನು ಅಂತ ಹೇಳೋಕೆ. ಚೋಕ್ ಎಳೆದಾಗ ಗಾಳಿ ಕಮ್ಮಿ ಆಗಿ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತೆ, ಆವಾಗ ಸರಿ ಹೋಗುತ್ತೆ ಅಂದ್ರೆ ಮಾಮೂಲಿನಲ್ಲಿ ಪೆಟ್ರೋಲ್ ಸಾಲ್ತಾ ಇಲ್ಲ ಅಂತ ಅರ್ಥ. ಸ್ಪೀಡ್ ಬಿದ್ರೆ ಗವರ್ನರ್ (ಸ್ಪೀಡ್ ಹಿಡಿತದಲ್ಲಿಡೋ ಭಾಗ) ಥ್ರಾಟಲನ್ನ, ಅಂದ್ರೆ ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಬಿಡೋ ಬಾಗಿಲನ್ನ, ತೆಗಿಯುತ್ತೆ, ಏರಿದ್ರೆ ಮುಚ್ಚುತ್ತೆ, ಮುಚ್ಚಿದ ತಕ್ಷಣ ಮತ್ತೆ ಬೀಳುತ್ತೆ, ಅದಕ್ಕೇ ಈ ಉಯ್ಯಾಲೆ. ಹೆಚ್ಚಿನ ಪಾಲು ಸ್ಲೋ ಜೆಟ್ (ಲೋಡ್ ಇಲ್ದೆ ಓಡುವಾಗ ಪೆಟ್ರೋಲ್ ಬರೋ ಸಣ್ಣ ತೂತು) ಕಟ್ಟಿರುತ್ತೆ, ಇಲ್ಲಾಂದ್ರೆ ಕಾರ್ಬೋರೇಟರ್ ಮತ್ತೆ ಇಂಜಿನ್ ಮಧ್ಯದ ಸಂದಿ ಮುಚ್ಚೋ ಪ್ಯಾಕಿಂಗಲ್ಲಿ ಗಾಳಿ ಎಳೀತಿರುತ್ತೆ. ಬಿಚ್ಚಿ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದ್ರೆ ಒಂದ್ ಗಂಟೆ ಕೆಲಸ.

ನಾನು ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡೆ.

ಆನ್‌ಲೈನಲ್ಲಿ ಫೋಟೋ ನೋಡಿದೆ, ಹಂಗೇ ಇತ್ತು, ಎಲ್ಲಾ ಇಂಜಿನ್ನಿಗೂ ಕೂರುತ್ತೆ ಅಂತ ಬೇರೆ ಬರೆದಿದ್ರು, ರೇಟೂ ಕಮ್ಮಿ, ತರಿಸಿಬಿಟ್ಟೆ. ಇಂಜಿನ್ ಕವರ್ ಮೇಲೆ ಪಂಚ್ ಮಾಡಿರೋ ಮಾಡೆಲ್ ನಂಬರ್ ಇರುತ್ತಲ್ಲ, ಅದನ್ನ ಒರೆಸಿ ಓದೋ ತಾಳ್ಮೆ ಕೂಡ ಇರ್ಲಿಲ್ಲ ನಂಗೆ. ಬಂದಿದ್ದು ನೋಡಿದ್ರೆ ಬೋಲ್ಟ್ ತೂತು ಎರಡೂ ಸರಿಯಾಗಿ ಕೂರ್ತು, ಅದೇ ಮೋಸ ಆಗಿದ್ದು, ಬೋಲ್ಟ್ ಕೂತ್ಮೇಲೆ ಎಲ್ಲಾ ಕೂರುತ್ತೆ ಅಂದ್ಕೊಂಡೆ. ಥ್ರಾಟಲ್ ಲಿವರ್ ಸ್ವಲ್ಪ ಉದ್ದ, ಲಿಂಕ್ ಸಿಕ್ಕಿಸೋ ತೂತು ಬೇರೆ ಜಾಗದಲ್ಲಿ. ಗವರ್ನರ್ ಇಂದ ಬರೋ ಸಣ್ಣ ಕಂಬಿಯನ್ನ ಪ್ಲೈಯರಲ್ಲಿ ಬಗ್ಗಿಸಿ ಸಿಕ್ಕಿಸಿದೆ. ಪೆಟ್ರೋಲ್ ಪೈಪ್ ಬರೋ ಕಡೆ ಜಾಗ ಇಕ್ಕಟ್ಟಾಗಿತ್ತು ಅಂತ ಮಧ್ಯದಲ್ಲಿದ್ದ ಫಿಲ್ಟರ್ ತೆಗೆದು ಪೈಪನ್ನ ನೇರ ಹಾಕಿದೆ. ಏರ್ ಫಿಲ್ಟರ್ ಕಡೆ ಪ್ಯಾಕಿಂಗ್ ಬಿಚ್ಚುವಾಗ ಹರಿದಿತ್ತು, ಶೀಟಲ್ಲಿ ಹೊಸದೊಂದು ಕತ್ತರಿಸಿ ಹಾಕಿದೆ. ಈ ಮೂರನ್ನೂ ನೆನಪಿಟ್ಕೊಳ್ಳಿ, ಕಂಬಿ, ಫಿಲ್ಟರ್, ಪ್ಯಾಕಿಂಗ್.

ಮೊದಲು ಕೈ ಕೊಟ್ಟಿದ್ದು ಪ್ಯಾಕಿಂಗ್. ಇಂಜಿನ್ ಸ್ಟಾರ್ಟ್ ಆಗಿ ಐದ್ ನಿಮಿಷ ಸೊಗಸಾಗಿ ಓಡಿ, ಆಮೇಲೆ ಉಸಿರುಗಟ್ಟಿದಂಗೆ ಕೆಮ್ಮಿ ನಿಂತೋಗೋದು. ಹತ್ತು ನಿಮಿಷ ಬಿಟ್ರೆ ಮತ್ತೆ ಐದ್ ನಿಮಿಷ ಓಡೋದು. ಹಳೇ ಪ್ಯಾಕಿಂಗಲ್ಲಿ ಅಂಚಿನ ಹತ್ರ ಕಡ್ಲೆಕಾಳು ಕೂಡ ಹೋಗದಷ್ಟು ಸಣ್ಣ ಸೀಳು ಒಂದಿತ್ತು, ನಾನು ಅದು ಹರಿದಿದ್ದು ಅಂದ್ಕೊಂಡು ಹೊಸದ್ರಲ್ಲಿ ಬಿಟ್ಟಿರ್ಲಿಲ್ಲ. ಆ ಸೀಳೇ ಬೌಲಿಗೆ, ಅಂದ್ರೆ ಕಾರ್ಬೋರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲಿಗೆ, ಗಾಳಿ ಹೋಗೋ ದಾರಿ! ಅದು ಮುಚ್ಚಿದ್ರೆ ಬೌಲ್ ಒಳಗೆ ನಿರ್ವಾತ ಕಟ್ಕೊಂಡು ಪೆಟ್ರೋಲ್ ಜೆಟ್ಟಿಗೆ ಏರಲ್ಲ. ನಂಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ. ಆವಾಗ ನನ್ ತಲೆಗೆ ಹೊಳೆದಿದ್ದು, ಮೇನ್ ಜೆಟ್ (ಲೋಡಲ್ಲಿ ಓಡುವಾಗ ಪೆಟ್ರೋಲ್ ಬರೋ ಜೆಟ್) ಚಿಕ್ಕದು, ತೂತು ದೊಡ್ಡದು ಮಾಡ್ಬೇಕು ಅಂತ.

0.80 ಎಂಎಂ ಇದ್ದ ಜೆಟ್ಟನ್ನ 0.90 ಡ್ರಿಲ್ ಬಿಟ್ಟಲ್ಲಿ ಕೈಯಿಂದಾನೇ ತಿರುಗಿಸಿ ದೊಡ್ಡದು ಮಾಡ್ದೆ. ಬರೀ ಒಂದ್ ಪಾಯಿಂಟ್ ಅಲ್ವಾ ಅನ್ಸುತ್ತೆ, ಆದ್ರೆ ಪೆಟ್ರೋಲ್ ಹರಿಯೋದು ತೂತಿನ ಅಗಲದಲ್ಲಲ್ಲ, ಅದರ ವಿಸ್ತೀರ್ಣದಲ್ಲಿ. ಲೆಕ್ಕ ಹಾಕಿ ನೋಡಿ, ಶೇಕಡಾ 26ಕ್ಕಿಂತ ಜಾಸ್ತಿ ಆಯ್ತು. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಕೆಲಸ ಮಾಡೋ ಇಂಜಿನ್ನಿಗೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಇದ್ರೂ ನಡಿಯುತ್ತೆ, ಆದ್ರೆ ಕಾಲು ಭಾಗ ಜಾಸ್ತಿ ಅಂದ್ರೆ ಅದು ಸ್ನಾನ. ಅಲ್ದೆ ಕೈಯಲ್ಲಿ ಕೊರೆದ ತೂತು ಒಳಗೆ ಗೀರು ಗೀರು, ಬಾಯಲ್ಲಿ ಹಿತ್ತಾಳೆ ಚೂರು ಎದ್ದಿತ್ತು. ಜೆಟ್ಟು ಒಂದೊಂದು ಸೈಜಿಗೂ ರೆಡಿ ಸಿಗುತ್ತೆ ಸ್ವಾಮಿ, ಡ್ರಿಲ್ ಹಿಡಿಯೋ ಕರ್ಮ ಯಾಕೆ.

ಆಮೇಲೆ ಪ್ಯಾಕಿಂಗ್ ವಿಷಯ ತಿಳಿದು ಸೀಳು ಬಿಟ್ಟೆ ನೋಡಿ, ಇಂಜಿನ್ ನಿಲ್ಲದೇ ಓಡ್ತು, ಸೈಲೆನ್ಸರಲ್ಲಿ ಕಪ್ಪು ಹೊಗೆ, ಪ್ಲಗ್ ಬಿಚ್ಚಿದ್ರೆ ಒಲೆ ಮಸಿ ಮೆತ್ತಿದ ಹಾಗೆ. ಜೆಟ್ ದೊಡ್ಡದು ಮಾಡಿದ್ದು ತಪ್ಪು ಅಂತ ಅಲ್ಲೇ ಗೊತ್ತಾಯ್ತು. ಆದ್ರೂ ಓಡ್ತಾ ಇದೆಯಲ್ಲ, ಇರ್ಲಿ, ಮುಂದಿನ ವಾರ ಜೆಟ್ ತರಿಸೋಣ ಅಂತ ಬಿಟ್ಟೆ. ಪೆಟ್ರೋಲ್ ಜಾಸ್ತಿ ಆದಾಗ ಅದು ಸಿಲಿಂಡರ್ ಗೋಡೆ ಮೇಲಿನ ಆಯಿಲ್ ತೊಳ್ಕೊಂಡು ಕೆಳಗೆ ಇಳಿಯುತ್ತೆ ಅನ್ನೋದು ಆಗ ತಲೇಲಿ ಇರ್ಲಿಲ್ಲ.

ಈಗ ಫಿಲ್ಟರ್ ಸರದಿ. ಟ್ಯಾಂಕ್ ತಳದಲ್ಲಿದ್ದ ಯಾವುದೋ ಕಸ ನೇರ ಬಂದು ಕಾರ್ಬೋರೇಟರಿನ ನೀಡಲ್ ಮತ್ತೆ ಅದರ ಸೀಟಿನ ಮಧ್ಯ ಕೂತಿದೆ. ಬೌಲ್ ತುಂಬಿದಾಗ ಪೆಟ್ರೋಲ್ ಮೇಲೆ ತೇಲೋ ಫ್ಲೋಟ್ ಮೇಲೆದ್ದು ನೀಡಲ್ ಪೆಟ್ರೋಲ್ ನಿಲ್ಲಿಸ್ಬೇಕು, ಕಸ ಕೂತ್ರೆ ನಿಲ್ಲಲ್ಲ. ನಮ್ ಟ್ಯಾಂಕ್ ಇರೋದು ಕಾರ್ಬೋರೇಟರಿಗಿಂತ ಎತ್ತರದಲ್ಲಿ, ಟ್ಯಾಂಕ್ ಕೆಳಗೆ ಒಂದು ಟ್ಯಾಪ್ ಇದೆ, ಅದು ಬಿಗಿ ಅಂತ ನಾನು ಯಾವತ್ತೂ ಮುಚ್ತಿರ್ಲಿಲ್ಲ. ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ಪೆಟ್ರೋಲ್ ಇಂಜಿನ್ ಒಳಗೆ ಇಳಿದಿದೆ. ಹೊರಗೆ ನೆಲದ ಮೇಲೆ ಒಂದ್ ಹನಿ ಇಲ್ಲ, ಇದ್ದಿದ್ರೆ ವಾಸನೆಗಾದ್ರೂ ಎಚ್ಚರ ಆಗ್ತಿತ್ತು.

ಬೆಳಿಗ್ಗೆ ಕೀ ತಿರುಗಿಸಿದ್ರೆ ಟಕ್, ಅಷ್ಟೇ. ಇನ್ನೊಂದ್ಸಲ, ಟಕ್. ಬ್ಯಾಟರಿ ಇಳಿದಿದೆ ಅಂತ ಬಿಚ್ಚಿ ಚಾರ್ಜಿಗೆ ಹಾಕಿ ತಿಂಡಿ ತಿನ್ನೋಕೆ ಹೋದೆ. ಎರಡು ಗಂಟೆ ಆದ್ಮೇಲೆ ಹಾಕಿದ್ರೆ ಇಂಜಿನ್ ತಿರುಗಿ ಸ್ಟಾರ್ಟ್ ಆಗೋಯ್ತು, ನೋಡಿದ್ಯಾ ಬ್ಯಾಟರೀನೇ ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ. ಅಸಲಿ ವಿಷಯ ಏನಂದ್ರೆ ಪಿಸ್ಟನ್ ಮೇಲೆ ಪೆಟ್ರೋಲ್ ನಿಂತಿತ್ತು. ಗಾಳಿ ಅದುಮಬಹುದು, ಪೆಟ್ರೋಲ್ ಅದುಮೋಕಾಗಲ್ಲ, ಅದಕ್ಕೇ ಇಂಜಿನ್ ತಿರುಗದೇ ನಿಂತಿದ್ದು. ನಾನು ತಿಂಡಿ ತಿಂತಾ ಇದ್ದ ಎರಡು ಗಂಟೇಲಿ ಆ ಪೆಟ್ರೋಲ್ ಪಿಸ್ಟನ್ ರಿಂಗ್ ಸಂದಿಯಿಂದ ಸೋರಿ ಆಯಿಲ್ ಜೊತೆ ಸೇರ್ಕೊಂಡ್ತು. ಆ ಟಕ್ ಸದ್ದು ಕೇಳಿದಾಗ ಪ್ಲಗ್ ಬಿಚ್ಚಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಆಯಿಲ್ ಕಡ್ಡಿ ಎಳೆದು ನೋಡಿದ್ರೂ ಗೊತ್ತಾಗ್ತಿತ್ತು.

ಹದಿನೈದು ನಿಮಿಷ ಓಡ್ಸಿರ್ಬೇಕು. ಲೋಡ್ ಇಳಿಸಿದ ತಕ್ಷಣ ಇಂಜಿನ್ ರೈಸ್ ಆಗೋಕೆ ಶುರುವಾಯ್ತು, ಲಿವರ್ ಹಿಂದಕ್ಕೆ ಎಳೆದ್ರೂ ಇಳೀತಿಲ್ಲ. ಇದು ಬಗ್ಗಿಸಿದ ಕಂಬಿ ಪ್ರಸಾದ. ಬಗ್ಗಿಸಿದ್ದಕ್ಕೆ ಅದರ ಅಳತೆ ತಪ್ಪಿ, ಗವರ್ನರ್ ಏನ್ ಮಾಡಿದ್ರೂ ಥ್ರಾಟಲ್ ಪೂರ್ತಿ ಮುಚ್ತಾ ಇರ್ಲಿಲ್ಲ. ಈ ಸೈಜಿನ ಇಂಜಿನ್ನುಗಳಿಗೆ ಸಾಮಾನ್ಯವಾಗಿ 3600 ಆರ್‌ಪಿಎಂ ಹತ್ರ ಲಿಮಿಟ್ ಇಟ್ಟಿರ್ತಾರೆ, ನಂದು ಎಲ್ಲಿಗೆ ಹೋಗಿತ್ತೋ, ಆ ಕೂಗು ಇವತ್ತಿಗೂ ಕಿವೀಲಿದೆ. ಕೀ ಆಫ್ ಮಾಡೋಕೆ ಕೈ ಹಾಕ್ದೆ, ಅಷ್ಟರಲ್ಲಿ ಒಳಗೆ ಟೊಕ ಟೊಕ ಟೊಕ, ಒಂದು ಕಬ್ಬಿಣದ ಪೆಟ್ಟು, ಮೌನ. ಕೆಳಗೆ ಬಗ್ಗಿ ನೋಡಿದ್ರೆ ಬ್ಲಾಕಿನ ಪಕ್ಕದಲ್ಲಿ ಮೂರ್ ಬೆರಳು ತೂರೋಷ್ಟು ತೂತು, ಅದ್ರಿಂದ ಇಳೀತಿದ್ದ ಆಯಿಲ್ ನೀರಿನ ಹಾಗೆ ತೆಳ್ಳಗೆ, ಬರೀ ಪೆಟ್ರೋಲ್ ವಾಸನೆ. ಬಿಸಿ ಸೈಲೆನ್ಸರ್ ಅಲ್ಲೇ ಒಂದು ಗೇಣು ದೂರದಲ್ಲಿ. ಬೆಂಕಿ ಹತ್ತದೇ ಇದ್ದಿದ್ದು ನನ್ ಪುಣ್ಯ, ಜಾಣತನ ಅಲ್ಲ.

ಮೆಕ್ಯಾನಿಕ್ ಬಿಚ್ಚಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನ ತಿರುಗೋ ಕ್ರ್ಯಾಂಕಿಗೆ ಜೋಡಿಸೋದು) ತುಂಡು ಕೈಗೆ ಕೊಟ್ರು. ಅಲ್ಯುಮಿನಿಯಂ ರಾಡ್, ಬೇರಿಂಗ್ ಶೆಲ್ ಇಲ್ಲ, ರಾಡೇ ನೇರ ಕ್ರ್ಯಾಂಕ್ ಮೇಲೆ ತಿರುಗೋದು, ಸಣ್ಣ ಇಂಜಿನ್ನುಗಳಲ್ಲಿ ಇದು ಮಾಮೂಲಿ. ಮಧ್ಯದಲ್ಲಿ ಆಯಿಲ್ ಪೊರೆ ಇರೋವರೆಗೂ ಸರಿ. ಕ್ರ್ಯಾಂಕ್ ಪಿನ್ ಮೇಲೆ ಅಲ್ಯುಮಿನಿಯಂ ಕರಗಿ ಬೆಣ್ಣೆ ಸವರಿದ ಹಾಗೆ ಮೆತ್ಕೊಂಡಿತ್ತು. ತೆಳು ಆಯಿಲ್ ಕೊಂದಿದ್ದಾ ಓವರ್ ಸ್ಪೀಡ್ ಕೊಂದಿದ್ದಾ ಅಂತ ಕೇಳ್ದೆ. ಎರಡೂ ಸೇರಿ ಕೊಂದಿದಾವೆ, ಯಾರ್ ಮೊದಲು ಅಂತ ಕೇಳಿ ಏನ್ ಮಾಡ್ತೀರ ಅಂದ್ರು.

ಫೋನ್ ಮಾಡಿದವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಬಂದಿರೋ ಡಬ್ಬ ಬಿಚ್ಚಬೇಡಿ, ಮೊದಲು ಹಳೇದನ್ನ ಕ್ಲೀನ್ ಮಾಡಿ ನೋಡಿ. ಬದಲಾಯಿಸ್ಲೇಬೇಕು ಅಂದ್ರೆ ಇಂಜಿನ್ ಮಾಡೆಲ್ ನಂಬರ್ ಹೇಳಿ ಅದಕ್ಕೇ ಅಂತ ಇರೋದನ್ನ ತರಿಸಿ, ಬಿಚ್ಚೋಕ್ ಮುಂಚೆ ಕಂಬಿ, ಸ್ಪ್ರಿಂಗ್ ಯಾವ್ ತೂತಲ್ಲಿ ಇದಾವೆ ಅಂತ ಎರಡೂ ಕಡೆಯಿಂದ ಫೋಟೋ ಹೊಡ್ಕೊಳ್ಳಿ. ಕಂಬಿ ಬಗ್ಗಿಸೋ ಪರಿಸ್ಥಿತಿ ಬಂತು ಅಂದ್ರೆ ಅದು ನಿಮ್ ಇಂಜಿನ್ನಿನ ಕಾರ್ಬೋರೇಟರ್ ಅಲ್ಲ, ವಾಪಸ್ ಕಳಿಸಿ. ಕೆಲಸ ಮುಗಿದ್ಮೇಲೆ ಪೆಟ್ರೋಲ್ ಟ್ಯಾಪ್ ಮುಚ್ಚಿ. ಕಾರ್ಬೋರೇಟರ್ ಮುಟ್ಟಿದ ಮೇಲೆ ಕೆಲವು ದಿನ, ಬೆಳಿಗ್ಗೆ ಕೀ ಹಾಕೋಕ್ ಮುಂಚೆ ಆಯಿಲ್ ಕಡ್ಡಿ ಎಳೆದು ಮೂಗಿನ ಹತ್ರ ಹಿಡೀರಿ. ಲೆವೆಲ್ ಏರಿದ್ರೆ ಅಥವಾ ಪೆಟ್ರೋಲ್ ಘಾಟು ಹೊಡೆದ್ರೆ ಸ್ಟಾರ್ಟ್ ಮಾಡ್ಲೇಬೇಡಿ, ಬಯಲಲ್ಲಿ ಬೆಂಕಿ ಕಿಡಿ ಇಲ್ಲದ ಕಡೆ ಆಯಿಲ್ ಇಳಿಸಿ, ನೀಡಲ್ ಸರಿ ಮಾಡಿ, ಹೊಸ ಆಯಿಲ್ ಹಾಕಿ.

ಹಳೇ ಕಾರ್ಬೋರೇಟರನ್ನ ಎಸೆದಿರ್ಲಿಲ್ಲ, ಒಂದ್ ಡಬ್ಬದಲ್ಲಿ ಬಿದ್ದಿತ್ತು. ಇಂಜಿನ್ ಹೋದ ವಾರದಲ್ಲಿ ಸುಮ್ನೆ ಕೂತು ಬಿಚ್ಚಿದೆ. ಸ್ಲೋ ಜೆಟ್ ತೂತಲ್ಲಿ ಹಳೇ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಕಟ್ಕೊಂಡಿತ್ತು. ಕ್ಲೀನರ್ ಹೊಡೆದು ಐದ್ ನಿಮಿಷ ಬಿಟ್ಟೆ, ಇನ್ನೊಂದ್ಸಲ ಹೊಡೆದು ಊದಿ ಕಿಟಕಿ ಕಡೆ ಹಿಡಿದ್ರೆ ಆ ಕಡೆಯಿಂದ ಸೂಜಿ ಮೊನೆಯಷ್ಟು ಬೆಳಕು ಕಾಣ್ತು.