ಹಳೇ ಸಿಪಿಯು ಟಿವಿಗೆ ಹಚ್ಚಾಕ ಹೋಗಿ ₹2,050 ಕಳಕೊಂಡೆ, ನೀವು ಕಳಕೋಬ್ಯಾಡ್ರಿ

ವಿಜಯಪುರದವರು, ಸುತ್ತಲ ಹಳ್ಳಿಯಿಂದ ಕಂಪ್ಯೂಟರ್ ರಿಪೇರಿಗೆ ಇಲ್ಲಿಗೆ ಬರೋರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿ ಹೆಸರು ಬರೆಯುವುದಿಲ್ಲ. ಆದರೆ ಅವರು ನನಗೆ ಆಡಿದ ಮಾತು ಇದ್ದದ್ದು ಇದ್ದಹಾಗೆ ಬರೆಯುತ್ತೇನೆ, ಯಾಕಂದರೆ ಅದೇ ಮಾತು ನಾಳೆ ನಿಮಗೂ ಹೇಳುತ್ತಾರೆ.

ನಮ್ಮ ಮನೆಯಲ್ಲಿ 2004ರ ಕಂಪ್ಯೂಟರ್ ಇದೆ. ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ, 40 ಜಿಬಿ ಹಾರ್ಡ್ ಡಿಸ್ಕ್. ಅಪ್ಪಾಜಿ ಸೊಸೈಟಿಯಲ್ಲಿ ಸಾಲ ಎತ್ತಿ ತಂದದ್ದು. ನಾನು, ನನ್ನ ತಮ್ಮ ಇಬ್ಬರೂ ರೋಡ್ ರ್‍ಯಾಶ್, ಡೇಂಜರಸ್ ಡೇವ್ ಆಡಿ ದೊಡ್ಡವರಾದದ್ದೇ ಅದರ ಮುಂದೆ ಕೂತು. ಅಪ್ಪಾಜಿ ಈಗಿಲ್ಲ. ಮಾನಿಟರ್ ಸುಟ್ಟು ನಾಲ್ಕೈದು ವರ್ಷ ಆಯಿತು, ಸಿಪಿಯು ಮಾತ್ರ ಹಾಗೇ ಬಟ್ಟೆ ಮುಚ್ಚಿ ಇಟ್ಟಿದ್ದೆ. ಈ ಸಲ ಸಿದ್ಧೇಶ್ವರ ಜಾತ್ರೆಗೆ ತಮ್ಮ ಪುಣೆಯಿಂದ ಮಗನನ್ನು ಕರಕೊಂಡು ಬರುವವನಿದ್ದ. "ಅಕ್ಕಾ, ಅದನ್ನ ಹ್ಯಾಂಗರ ಮಾಡಿ ಟಿವಿಗೆ ಹಚ್ಚಿ ಇಡು, ಹುಡುಗಗ ತೋರಿಸ್ಬೇಕು" ಅಂದ. ಮಾಳಿಗೆ ಮೇಲೆ 21 ಇಂಚಿನ ಹಳೇ ಡಬ್ಬಿ ಟಿವಿ ಇದೆ, ಚಲೋ ನಡೆಯುತ್ತದೆ. ಮುಂದೆ ಹಳದಿ, ಬಿಳಿ, ಕೆಂಪು ಮೂರು ತೂತು.

ಮೊದಲು ಒಂದು ಕೆಲಸ ಸರಿಯಾಗಿಯೇ ಮಾಡಿದೆ. ಬಾಜೂ ಮನೆಯವರ ಮಾನಿಟರ್ ತಂದು ಹಚ್ಚಿ ನೋಡಿದೆ. ಸಿಪಿಯು ಚಾಲೂ ಆಯಿತು, ಎಕ್ಸ್‌ಪಿಯ ಹಸಿರು ಗುಡ್ಡ ಬಂತು, ಗೇಮೂ ಓಡಿತು. ಅಂದರೆ ಯಂತ್ರದಲ್ಲಿ ಏನೂ ದೋಷ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಆ ಅಂಗಡಿಗೆ ಹೋದೆ. ಸಿಪಿಯುದ ನೀಲಿ ವಿಜಿಎ ತೂತಿನಿಂದ (ಮಾನಿಟರ್ ಹಚ್ಚುವ ತೂತು) ಹಳೇ ಟಿವಿಗೆ ಹಚ್ಚಬೇಕು ಅಂದೆ. ಒಂದು ಕೇಬಲ್ ತೆಗೆದು ಕೊಟ್ಟ. ಒಂದು ಕಡೆ 15 ಪಿನ್ನಿನ ವಿಜಿಎ, ಇನ್ನೊಂದು ಕಡೆ ಕೆಂಪು, ಹಸಿರು, ನೀಲಿ ಮೂರು ಪಿನ್. ₹450.

"ಅಣ್ಣಾರ, ನಮ್ಮ ಟಿವಿಗೆ ಹಸಿರು ಇಲ್ಲಲ್ರಿ, ಹಳದಿ ಐತಿ" ಅಂದೆ.

"ಬಣ್ಣ ನೋಡಬ್ಯಾಡ್ರಿ ಅಕ್ಕಾರ. ಹಸರಂದು ಹಳದ್ಯಾಗ ಹಾಕ್ರಿ, ಬರ್ತೈತಿ."

"ಇದಕ್ಕ ಕರೆಂಟ್ ಏನರ ಕೊಡಬೇಕೇನ್ರಿ?"

"ಏನೂ ಬೇಕಾಗಿಲ್ರಿ. ಡೈರೆಕ್ಟ್."

ಮನೆಗೆ ಬಂದು ಹಚ್ಚಿದೆ. ಟಿವಿ ತುಂಬ ಬೂದು ಬಣ್ಣದ ಪಟ್ಟೆ ಓರೆಯಾಗಿ ಓಡಲಿಕ್ಕೆ ಹತ್ತಿದವು. ನೀಲಿ ಪಿನ್ನನ್ನು ಬಿಳಿ ತೂತಿಗೆ ಹಾಕಿದ ಕೂಡಲೇ ಸ್ಪೀಕರಿನಿಂದ ಗೊಂಯ್ ಅಂತ ಸದ್ದು. ಎರಡು ತಾಸು ಅದಲು ಬದಲು ಮಾಡಿ ನೋಡಿದೆ. ಏನೂ ಬರಲಿಲ್ಲ.

ಬರುವಂತೆಯೂ ಇರಲಿಲ್ಲ, ಅದು ಆಮೇಲೆ ತಿಳಿಯಿತು. ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ, ಸೆಕೆಂಡಿಗೆ ಕಡಿಮೆ ಅಂದರೂ 31,000ದ ಮೇಲೆ ಗೆರೆ ಬರೆಯುತ್ತದೆ. ನಮ್ಮ ಡಬ್ಬಿ ಟಿವಿ ಬರೆಯುವುದು 15,625 ಗೆರೆ, ಅದಕ್ಕೆ ಇಡೀ ಚಿತ್ರ ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬೇಕು. ಬರೀ ತಾಮ್ರದ ತಂತಿ ಅದನ್ನು ಇದಕ್ಕೆ ಬದಲು ಮಾಡುವುದಿಲ್ಲ. ನಡುವೆ ಚಿಪ್ ಬೇಕು, ಚಿಪ್ಪಿಗೆ 5 ವೋಲ್ಟ್ ಬೇಕು. ಇನ್ನು ವಿಜಿಎಯಲ್ಲಿ ಸೌಂಡ್ ಬರುವುದೇ ಇಲ್ಲ. ದಿನಾ ಇದೇ ವ್ಯಾಪಾರ ಮಾಡುವವನಿಗೆ ಇಷ್ಟು ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಮರುದಿನ ಹೊಳ್ಳಿ ಹೋದೆ. ನಾನು ಮೋಸ ಹೋದದ್ದು ಖರೇ ಅಂದರೆ ಇಲ್ಲಿ. "ಕೇಬಲ್ ಕರೆಕ್ಟ್ ಐತಿ, ನಿಮ್ ಸಿಪಿಯುದಾಗ ಪ್ರಾಬ್ಲಮ್ ಐತಿ" ಅಂದ. ಮಾನಿಟರಿಗೆ ಹಚ್ಚಿ ನೋಡಿದ್ದೇನೆ, ಚಲೋ ಬಂದದೆ ಅಂದೆ. ಅದಕ್ಕೆ ಅವನ ಉತ್ತರ: "ಮಾನಿಟರ್‌ಗೆ ಬರೂದು ಬ್ಯಾರೆ, ಟಿವಿಗೆ ಬರೂದು ಬ್ಯಾರೆ ಅಕ್ಕಾರ. ನಿಮಗ ಅದೆಲ್ಲಾ ತಿಳಿಯಂಗಿಲ್ಲ ಬಿಡ್ರಿ. ತಂದ ಇಡ್ರಿ, ನೋಡ್ತೀನಿ." ಬೇರೆ ಬೇರೆ ಅನ್ನುವುದು ನಿಜವೇ ಆಗಿದ್ದಕ್ಕೆ ನಾನು ನಂಬಿಬಿಟ್ಟೆ. ಆಟೋ ಮಾಡಿಕೊಂಡು ಸಿಪಿಯು ಒಯ್ದು ಕೊಟ್ಟೆ. ಡಿ ಡ್ರೈವ್ ಮುಟ್ಟಬೇಡ್ರಿ, ಗೇಮ್ ಎಲ್ಲಾ ಅದರೊಳಗೇ ಅದಾವು ಅಂತ ಎರಡು ಸಲ ಹೇಳಿದೆ. ಎರಡು ಸಲ.

ನಾಲ್ಕು ದಿನ ಇಟ್ಟುಕೊಂಡರು. ಐದನೇ ದಿನ "ಗ್ರಾಫಿಕ್ ಕಾರ್ಡ್ ಸುಟ್ಟಿತ್ರಿ, ಹೊಸಾದು ಹಾಕೀವಿ" ಅಂದು ₹1,600 ತಗೊಂಡರು. ಹಳೇ ಕಾರ್ಡ್ ಕೊಡಿ ಅಂದೆ. "ಅದನ್ನ ಏನ್ ಮಾಡ್ತೀರಿ, ಒಗದ್ವಿ." ಬಿಲ್ ಅಂತ ಕೊಟ್ಟದ್ದು ಕೈಯಿಂದ ಬರೆದ ಚೀಟಿ, ಅದರ ಮೇಲೆ ಜಿಎಸ್‌ಟಿ ನಂಬರ್ ಇಲ್ಲ, ಅಂಗಡಿ ಸಿಕ್ಕಾ ಇಲ್ಲ.

ಮನೆಗೆ ತಂದು ಹಚ್ಚಿದರೆ ಅದೇ ಪಟ್ಟೆ, ಅದೇ ಗೊಂಯ್. ಕೇಬಲ್ ಬಿಚ್ಚುವಾಗ ಕೈ ನಿಂತಿತು. ನಾನು ಹಾಕಿದ್ದು ಮೊದಲಿನ ತೂತಿಗೇ, ಕೀಬೋರ್ಡ್ ಮೌಸಿನ ನೇರಳೆ ಹಸಿರು ತೂತಿನ ಕೆಳಗಿನ ನೀಲಿ ತೂತು. ಹೊಸ ಕಾರ್ಡ್ ಹಾಕಿದ್ದರೆ ಅದರ ತೂತು ಇನ್ನೂ ಕೆಳಗೆ, ಸಿಪಿಯು ಹಿಂದೆ ಮುಚ್ಚಿದ ತಗಡಿನ ಪಟ್ಟಿ ತೆಗೆದ ಜಾಗದಲ್ಲಿ ಬೇರೆ ಇರಬೇಕಲ್ಲ? ಪಟ್ಟಿ ಎಲ್ಲ ಹಾಗೇ ಇದ್ದವು. ಬಾಜೂದ ತಗಡು ಬಿಚ್ಚಿದೆ. ಕಾರ್ಡ್ ಕೂಡುವ ಕಂದು ಬಣ್ಣದ ಎಜಿಪಿ ಸ್ಲಾಟ್ ಖಾಲಿ. ಖಾಲಿ ಅಷ್ಟೇ ಅಲ್ಲ, ಅದರ ಸೀಳಿನ ತುಂಬ ಬೂದು ದೂಳು ಹತ್ತಿಯ ಹಾಗೆ ಕೂತಿತ್ತು. ಬೆರಳು ಹಾಕಿದರೆ ಉದ್ದಕ್ಕೂ ಒಂದೇ ಎಳೆಯಾಗಿ ಎದ್ದು ಬಂತು. ಪಟ್ಟಿ ಹಿಡಿದ ಸ್ಕ್ರೂಗೆ ತುಕ್ಕು, ಅದರ ತಲೆಯ ಮೇಲೆ ಸ್ಕ್ರೂಡ್ರೈವರಿನ ಒಂದು ಗೀರೂ ಇಲ್ಲ. ಆ ಸ್ಲಾಟಿನಲ್ಲಿ ಯಾವತ್ತೂ ಕಾರ್ಡ್ ಇರಲೇ ಇಲ್ಲ. ಇಂಟೆಲ್ 845ಜಿ ಬೋರ್ಡು ಅದು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಬೋರ್ಡಿನೊಳಗೇ ಇದೆ. ಕಾರ್ಡ್ ತುಟ್ಟಿ ಅಂತ ಅಪ್ಪಾಜಿ ಆಗ ಹಾಕಿಸಿರಲಿಲ್ಲ, ತಮ್ಮ ಅದಕ್ಕೆ ಎರಡು ದಿನ ಅತ್ತಿದ್ದ. ಇಷ್ಟು ಗೊತ್ತಿದ್ದೂ ಅಂಗಡಿಯಲ್ಲಿ ನನಗೆ ನೆನಪಾಗಲಿಲ್ಲ. ಇಲ್ಲದ ಕಾರ್ಡ್ ಸುಟ್ಟಿತು ಅಂದರು, ಇಲ್ಲದ ಕಾರ್ಡ್ ಒಗೆದೆವು ಅಂದರು, ನಾನು ರೊಕ್ಕ ಎಣಿಸಿ ಕೊಟ್ಟು ಬಂದೆ.

ಅಷ್ಟೇ ಅಲ್ಲ. ಬಾಜೂ ಮನೆ ಮಾನಿಟರ್ ಮತ್ತೆ ತಂದು ನೋಡಿದರೆ ಡಿ ಡ್ರೈವ್ ಖಾಲಿ. ಪೂರ್ತಿ ಫಾರ್ಮ್ಯಾಟ್.

ಸ್ಲಾಟಿನ ಫೋಟೊ ತೆಗೆದು ವಾಟ್ಸಾಪ್ ಮಾಡಿದೆ. ಮೊದಲ ಉತ್ತರ: "ಕಾರ್ಡ್ ಬೋರ್ಡಿನೊಳಗ ಕೂಡಿಸೀವಿ, ಸಣ್ಣ ಚಿಪ್ ಇರ್ತೈತಿ, ಕಾಣಂಗಿಲ್ಲ." ಯಾವ ಚಿಪ್, ತೋರಿಸಿ ಅಂದೆ. "ನೀವು ಓಪನ್ ಮಾಡೀರಿ ಅಂದ್ರ ವಾರಂಟಿ ಹೋತು." ಡಿ ಡ್ರೈವ್ ಯಾಕೆ ಅಳಿಸಿದಿರಿ ಅಂದೆ. "ವೈರಸ್ ಇತ್ರಿ." ಅಷ್ಟೇ, ಆಮೇಲೆ ನೀಲಿ ಗೆರೆ ಎರಡು ಬೀಳುತ್ತವೆ, ಉತ್ತರ ಇಲ್ಲ.

ಖುದ್ದಾಗಿ ಹೋದೆ. ನಾಲ್ಕೈದು ಮಂದಿ ಗಿರಾಕಿ ಇದ್ದರು. ಅವರ ಮುಂದೆಯೇ ನಕ್ಕು ಅಂದ: "ಇಷ್ಟ ಹಳೇ ಡಬ್ಬಾಕ್ಕ ಯಾಕ ಜಗಳಾ ತಗೀತೀರಿ ಅಕ್ಕಾರ? ಗುಜರಿಗೆ ಹಾಕ್ರಿ, ನಾನಽ ಮುನ್ನೂರು ಕೊಡ್ತೀನಿ." ಅಲ್ಲಿ ನನಗೆ ಮಾತು ಬರಲಿಲ್ಲ. ಗಂಟಲು ಕಟ್ಟಿತು. ಹೊರಗೆ ಬಂದು ಗಾಡಿ ಹತ್ತಿರ ನಿಂತು ಅತ್ತೆ. ಅಪ್ಪಾಜಿ ಮೂರು ವರ್ಷ ಸಾಲ ಕಟ್ಟಿದ ವಸ್ತು ಅದು.

ಕಡೆಗೆ ಕೆಲಸ ಆದದ್ದು ₹700ರ ವಿಜಿಎ ಟು ಎವಿ ಕನ್ವರ್ಟರ್‌ನಿಂದ. ಎವಿ ಅಂದರೆ ಟಿವಿಯ ಆ ಹಳದಿ, ಬಿಳಿ, ಕೆಂಪು ತೂತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಯುಎಸ್‌ಬಿಯಿಂದ ಕರೆಂಟ್ ತಗೊಳ್ಳುತ್ತದೆ. ಮೊದಲು ಚಿತ್ರ ಕಪ್ಪು ಬಿಳಿ ಬಂತು. ಪೆಟ್ಟಿಗೆಯ ಬದಿಯ ಗುಂಡಿಯನ್ನು ಎನ್‌ಟಿಎಸ್‌ಸಿಯಿಂದ ಪ್ಯಾಲ್‌ಗೆ ಸರಿಸಿದ ಮೇಲೆ ಬಣ್ಣ ಬಂತು, ನಮ್ಮ ಕಡೆಯ ಹಳೇ ಟಿವಿಗಳ ಬಣ್ಣದ ಪದ್ಧತಿ ಪ್ಯಾಲ್. ಮಾನಿಟರಿನಲ್ಲಿ ಇರುವಾಗಲೇ ಡಿಸ್‌ಪ್ಲೇಯನ್ನು 800 x 600, 60 ಹರ್ಟ್ಸ್ ಮಾಡಿಟ್ಟುಕೊಳ್ಳಿ. ಸೌಂಡ್ ಬೇಕಾದರೆ ಸಿಪಿಯುದ ಹಸಿರು ಆಡಿಯೊ ತೂತಿನಿಂದ ಟಿವಿಯ ಕೆಂಪು ಬಿಳಿಗೆ ಬೇರೆ ವಾಯರ್. ಅಕ್ಷರ ಸ್ವಲ್ಪ ಮಸುಕು, ಗೇಮಿಗೆ ಅಡ್ಡಿಯಿಲ್ಲ.

ಹಾಗಾಗಿ, ಕರೆಂಟ್ ಬೇಡ ಅನ್ನುವ ವಿಜಿಎ ಟು ಎವಿ ಕೇಬಲ್ ಯಾರೂ ತಗೋಬೇಡಿ. ವಿಜಿಎ ತೂತಿನಿಂದಲೇ ಟಿವಿ ಸಿಗ್ನಲ್ ಕೊಡುವ ಯಾವುದೋ ಅಪರೂಪದ ಕಾರ್ಡ್ ನಿಮ್ಮಲ್ಲಿ ಇದ್ದರೆ ಮಾತ್ರ ಅದು ನಡೆಯುತ್ತದೆ. ಸಿಪಿಯು ಹಿಂದೆ ಗುಂಡಗಿನ ಎಸ್-ವಿಡಿಯೊ ತೂತು ಇದ್ದರೆ ನಿಮ್ಮ ಪುಣ್ಯ, ಅದರಿಂದ ಟಿವಿಗೆ ನೇರ ಕೊಡಬಹುದು. ಸಿಪಿಯು ಕೊಡುವ ಮೊದಲು ತಗಡು ಬಿಚ್ಚಿ ಒಳಗಿನ ಫೋಟೊ ತಕ್ಕೊಳ್ಳಿ, ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಡಿ, ತೆಗೆದ ಸಾಮಾನು ಕೈಗೆ ಬರುವ ತನಕ ರೊಕ್ಕ ಕೊಡಬೇಡಿ. "ನಿಮಗ ತಿಳಿಯಂಗಿಲ್ಲ" ಅಂದ ಅಂಗಡಿಯಿಂದ ಆವಾಗಲೇ ಎದ್ದು ಬನ್ನಿ. ನಾನು ಬರಲಿಲ್ಲ.

ಕನ್ವರ್ಟರ್ ಬರುವಷ್ಟರಲ್ಲಿ ಜಾತ್ರೆ ಮುಗಿದು ತಮ್ಮ ಪುಣೆಗೆ ಹೋಗಿಯಾಗಿತ್ತು. ಅಪ್ಪಾಜಿ ಟ್ರಂಕಿನಲ್ಲಿ ಸಿಡಿ ಸಿಕ್ಕಿತು, ಗೇಮ್ ಮತ್ತೆ ಹಾಕಿ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಹುಡುಗ ಬೈಕ್ ನೋಡಿ ಕುಣಿದಾಡಿದ. ತಮ್ಮ ಸೇವ್ ಮಾಡಿದ ಹೆಸರುಗಳನ್ನು ತೋರಿಸು ಅಂದ. ಅದರಲ್ಲಿ ಅಪ್ಪಾಜಿ ಹೆಸರಲ್ಲೂ ಒಂದು ಆಟ ಇತ್ತು, ಅವರೇ ಒಂದೊಂದು ಅಕ್ಷರ ಹುಡುಕಿ ಒತ್ತಿ ಬರೆದದ್ದು. ಇಲ್ಲಪಾ, ಹೋಗಿದೆ ಅಂತ ಹೇಳಬೇಕಾಯಿತು.

₹1,600 ಇನ್ನೂ ಹೊಳ್ಳಿ ಕೊಟ್ಟಿಲ್ಲ. ಚೀಟಿ, ಸ್ಲಾಟಿನ ಫೋಟೊ, ವಾಟ್ಸಾಪ್ ಮಾತು ಎಲ್ಲ ತೆಗೆದಿಟ್ಟಿದ್ದೇನೆ. ಸೋಮವಾರ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ.